ರಸ್ತೆ ಹಿಡಿಯುವವರು

ನಾನು ಶಿಗ್ಗಾಂವದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಧಿಕಾರ ಹಂಚಿಕೆಯ ಪಾಠ ಬರುತ್ತದೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಯಾವ ವಿಷಯಕ್ಕೆ ದಿಲ್ಲಿಯವರು ಕಾನೂನು ಮಾಡಬೇಕು, ಯಾವುದಕ್ಕೆ ಬೆಂಗಳೂರಿನವರು, ಯಾವುದಕ್ಕೆ ಇಬ್ಬರೂ ಮಾಡಬಹುದು ಎಂಬುದು ಪಾಠ. ಮಕ್ಕಳಿಗೆ ನಿದ್ದೆ ಬರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಸೈನ್ಯ ಯಾರದು ಎಂದರೆ ಕೇಂದ್ರ ಎನ್ನುತ್ತಾರೆ, ಪೊಲೀಸರು ಯಾರವರು ಎಂದರೆ ರಾಜ್ಯ ಎನ್ನುತ್ತಾರೆ, ಪರೀಕ್ಷೆಗೆ ಅಷ್ಟು ಸಾಕು. ಮೊದಲು ನನಗೂ ಅಷ್ಟೇ ಸಾಕಾಗಿತ್ತು. ಈಗ ಆ ಪಾಠ ಬಂತೆಂದರೆ, ಏನೂ ತಪ್ಪು ಮಾಡದ ಮಕ್ಕಳ ಮೇಲೆ ಸುಮ್ಮನೆ ರೇಗುತ್ತೇನೆ.

ಕೇಂದ್ರ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳಿವೆ. ರಾಜ್ಯ ಪಟ್ಟಿಯಲ್ಲಿ ಹೂಳುವ ಜಾಗ, ಸುಡುವ ಜಾಗಗಳಿವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಲುಗಳು. ಆ ಎರಡು ಸಾಲುಗಳ ನಡುವೆ ನಮ್ಮ ಊರಿದೆ.

ತಡಸದಿಂದ ಶಿಗ್ಗಾಂವಕ್ಕೆ ಬರುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಊರು ಅದು. ಮನೆಗಳೆಲ್ಲ ಹೆದ್ದಾರಿಯ ಒಂದು ಕಡೆ. ಸತ್ತವರೆಲ್ಲ ಇನ್ನೊಂದು ಕಡೆ. ನಮ್ಮ ಲಿಂಗಾಯತರ ರುದ್ರಭೂಮಿ ಮತ್ತು ಮುಸಲ್ಮಾನರ ಖಬರಸ್ತಾನ ಅಕ್ಕಪಕ್ಕದಲ್ಲಿವೆ, ನಡುವೆ ಕಳ್ಳಿಯ ಬೇಲಿ. ಅಜ್ಜನ ಕಾಲದಲ್ಲಿ ಆ ರಸ್ತೆ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಕೆಳಗಿಳಿಯಬೇಕಾದಷ್ಟು ಸಣ್ಣದಂತೆ. ನಾನು ಹುಡುಗಿಯಾಗಿದ್ದಾಗ ಲಾರಿಗಳು ಹೆಚ್ಚಾಗಿದ್ದವು. ಆಮೇಲೆ ನಾಲ್ಕು ಸಾಲಾಯಿತು, ನಡುವೆ ವಿಭಜಕ ಬಂತು. ಆದರೂ ನಮ್ಮ ಊರಿನ ಎದುರಿಗೆ ಒಂದು ಕಂಡಿ ಬಿಟ್ಟಿದ್ದರು. ಸತ್ತವರು ಆ ಕಂಡಿಯಲ್ಲಿ ದಾಟುತ್ತಿದ್ದರು.

ದಾಟಿಸುವುದಕ್ಕೆ ಊರಿನಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ರಸ್ತೆ ಹಿಡಿಯುವುದು ಎನ್ನುತ್ತಿದ್ದರು. ನಮ್ಮವರ ಹೆಣ ಹೊರಟರೆ ಮುಸಲ್ಮಾನರು ಕೆಂಪು ಟವೆಲ್ಲು ಹಿಡಿದು ಹೆದ್ದಾರಿಗೆ ಇಳಿದು ಗಾಡಿ ನಿಲ್ಲಿಸುವುದು. ಅವರ ಜನಾಜಾ ಹೊರಟರೆ ನಾವು ನಿಲ್ಲಿಸುವುದು. ಸತ್ತವರ ಕಡೆಯವರು ಹೆಗಲು ಕೊಡಬೇಕು, ಅಳಬೇಕು. ಅಳುವವರ ಕಣ್ಣು ಲಾರಿಯ ಮೇಲಿರುವುದಿಲ್ಲ. ಅದಕ್ಕೇ ಈ ಅದಲುಬದಲು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಸೌಹಾರ್ದ ಗೀಹಾರ್ದ ಎಂದು ಯಾರೂ ಅದಕ್ಕೆ ದೊಡ್ಡ ಹೆಸರಿಟ್ಟಿರಲಿಲ್ಲ. ಅದೊಂದು ಕೆಲಸ, ಅಷ್ಟೆ.

ನಮ್ಮ ಕಡೆಯಿಂದ ರಸ್ತೆ ಹಿಡಿಯುತ್ತಿದ್ದವನು ನನ್ನ ಅಣ್ಣ. ಅವರ ಕಡೆಯಿಂದ ಹಿಡಿಯುತ್ತಿದ್ದವರು ಹೆದ್ದಾರಿಯ ಬದಿಯಲ್ಲೇ ಚಹಾದಂಗಡಿ ಇಟ್ಟಿದ್ದ ಚಾಚಾ. ಅವರು ಸವಣೂರಿನಿಂದ ಬಂದವರು. ತವರಿಗೆ ಹೋಗಿ ಬರುವ ಹೆಣ್ಣುಮಗಳ ಹಾಗೆ ತಿಂಗಳಿಗೊಮ್ಮೆ ಸವಣೂರಿಗೆ ಹೋಗುತ್ತಿದ್ದರು. ಬರುವಾಗ ನಮ್ಮ ಅವ್ವನಿಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು ತರುತ್ತಿದ್ದರು. ಸವಣೂರಿನ ಎಲೆ ಬಿಟ್ಟು ಬೇರೆ ಎಲೆಯನ್ನು ಅವ್ವ ಎಲೆ ಎಂದೇ ಒಪ್ಪುತ್ತಿರಲಿಲ್ಲ. ಅವ್ವ ಅವರನ್ನು ತಮ್ಮಾ ಎನ್ನುತ್ತಿದ್ದಳು, ಅವರು ಅವಳನ್ನು ಅಕ್ಕಾ ಎನ್ನುತ್ತಿದ್ದರು. ಇಬ್ಬರಿಗೂ ಮಾತಿಗೆ ಕುಳಿತರೆ ಸಾವಿನದೇ ತಮಾಷೆ.

"ಏ ತಮ್ಮಾ, ನಾ ಹೋಗೂ ದಿನ ರಸ್ತೆ ಗಟ್ಟಿ ಹಿಡಿಪಾ. ನನಗ ಗಾಡಿ ಅಂದ್ರ ಮೊದಲ ಅಂಜಿಕಿ."

"ಅಕ್ಕಾ, ಮಿನಿಸ್ಟರ್ ಹೋದಂಗ ಬಂದ್ ಮಾಡಿಸ್ತೇನಿ. ನೀವು ಆರಾಮ ಕುಂತು ಹೋಗ್ರಿ. ಆದ್ರ ನಾನ ಮೊದಲ ಹೋದ್ರ?"

"ನೀ ಹೋದ್ರ ನನ್ನ ಮಗ ಹಿಡೀತಾನ. ಇದು ನನ್ನ ಮಾತು."

ಅಣ್ಣ ಅಲ್ಲೇ ಕುಳಿತು ಚಹಾ ಕುಡಿಯುತ್ತ, "ಇಬ್ಬರಿಗೂ ಬ್ಯಾರೆ ಮಾತ ಇಲ್ಲೇನ್ರಿ?" ಎಂದು ರೇಗುತ್ತಿದ್ದ. ಅವನು ರೇಗಿದಷ್ಟೂ ಅವರಿಬ್ಬರಿಗೂ ನಗು.

ಅಪ್ಪ ತೀರಿಕೊಂಡಾಗ ಚಾಚಾ ರಸ್ತೆ ಹಿಡಿದಿದ್ದರು. ಗಾಡಿಗಳು ಎರಡೂ ಕಡೆ ಸಾಲುಗಟ್ಟಿ ನಿಂತವು. ಅಪ್ಪ ವಿಮಾನದಲ್ಲಿ ಕುಳಿತು ನಿಧಾನವಾಗಿ ದಾಟಿದರು. ಕುಳಿತು ಎಂದದ್ದು ಸುಮ್ಮನಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ವಿಭೂತಿ ಹಚ್ಚಿ, ಹೂ ಏರಿಸಿ, ಕೂರಿಸುತ್ತಾರೆ. ಸುತ್ತ ಬಿದಿರಿನ ಕಮಾನು ಕಟ್ಟಿ, ಬಾಳೆಕಂದು ಕಟ್ಟಿ, ಹೆಗಲ ಮೇಲೆ ಹೊರುತ್ತಾರೆ; ಅದೇ ವಿಮಾನ. ಹೊತ್ತವರ ಹೆಗಲಿನಿಂದ ಕಮಾನಿನ ತುದಿಯವರೆಗೆ ಇನ್ನೊಂದು ಆಳಿನಷ್ಟು ಎತ್ತರ. ಮಣ್ಣಿನಲ್ಲೂ ಕೂರಿಸಿಯೇ ಇಡುತ್ತಾರೆ. ಮನೆಯಿಂದ ಎತ್ತಿದ ವಿಮಾನವನ್ನು ರುದ್ರಭೂಮಿ ಮುಟ್ಟುವವರೆಗೆ ಎಲ್ಲೂ ನೆಲಕ್ಕೆ ಇಳಿಸುವಂತಿಲ್ಲ. ನಮ್ಮೂರಿನ ಮಗುವಿಗೂ ಇದು ಗೊತ್ತು. ಹೆದ್ದಾರಿಯ ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ.

ನಾಲ್ಕು ಸಾಲಿನ ಹೆದ್ದಾರಿಯನ್ನು ಆರು ಸಾಲು ಮಾಡಲು ಬಂದಾಗ ಮೊದಲು ಕಂಡಿ ಮುಚ್ಚಿದರು. ಎದೆಮಟ್ಟದ ಸಿಮೆಂಟಿನ ಗೋಡೆಯನ್ನು ಉದ್ದಕ್ಕೂ ಕಟ್ಟಿದರು. ಅದರ ಬದಲಿಗೆ ಊರಿನ ಹಳ್ಳದ ಹತ್ತಿರ ರಸ್ತೆಯ ಅಡಿಯಲ್ಲಿ ಒಂದು ಮೋರಿ ಕೊಟ್ಟರು. ದನ ದಾಟಬಹುದು, ಬೈಕು ದಾಟಬಹುದು, ತಲೆ ಸ್ವಲ್ಪ ಬಗ್ಗಿಸಿದರೆ ಹುಲ್ಲಿನ ಹೊರೆ ಹೊತ್ತವರೂ ದಾಟಬಹುದು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ನೀರು. ಮುಸಲ್ಮಾನರ ಜನಾಜಾ ಮಲಗಿರುತ್ತದೆ; ಕಷ್ಟಪಟ್ಟು ಅದರಲ್ಲಿ ಹಾಯುತ್ತದೆ. ಕುಳಿತ ನಮ್ಮವರು ಹಾಯುವುದಿಲ್ಲ.

ಊರವರು ನನ್ನನ್ನು ಮುಂದೆ ಮಾಡಿದರು. ಕಾನೂನು ಕಲಿಸುವ ಮೇಡಂ ಬಾಯಿ ತೆರೆದರೆ ಗೋಡೆ ತಾನಾಗಿ ಸರಿಯುತ್ತದೆ ಎಂದು ಅವರ ನಂಬಿಕೆ. ಅಣ್ಣ ಮತ್ತು ಚಾಚಾ ನನ್ನ ಜೊತೆ ಬಂದರು. ಚಾಚಾ ಬರಬೇಕಾಗಿರಲಿಲ್ಲ, ಅವರಿಗೆ ಮೋರಿ ಸಾಕಾಗುತ್ತಿತ್ತು. "ಅಕ್ಕಾರಿಗೆ ಮಾತು ಕೊಟ್ಟೇನ್ರಿ" ಎಂದು ಹಲ್ಲು ಕಿರಿದು ಅಂಗಡಿಗೆ ಬೀಗ ಹಾಕಿ ಬಂದರು.

ಮೊದಲು ನಮ್ಮ ಭಾಗದ ಮುಖಂಡರೊಬ್ಬರ ಮನೆಗೆ ಹೋದೆವು. ಅವರು ಬಹಳ ಮರ್ಯಾದೆಯಿಂದ ಕೂರಿಸಿದರು.

"ಬರ್ರಿ ಮೇಡಂ, ಕುಂತ್ರಿ. ನೀವ ಹುಡುಗ್ರಿಗೆ ಕಲಿಸ್ತೀರಿ, ನೀವ ಹೇಳ್ರಿ. ನ್ಯಾಷನಲ್ ಹೈವೇ ಯಾರದ್ರಿ?"

"ಕೇಂದ್ರದ್ದು."

"ಮತ್ತ? ಅದರ ಮ್ಯಾಲ ಒಂದು ಕಲ್ಲು ಸರಸಾಕೂ ನಮಗ ಅಧಿಕಾರ ಇಲ್ರಿ. ಇರೂ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗುವುದಕ್ಕೆ ಆಸ್ಪದವೇ ಇರಲಿಲ್ಲ. ಪಾಠದ ಪ್ರಕಾರ ಅವರ ಉತ್ತರ ಸರಿಯಾಗಿತ್ತು. ನನ್ನ ಪರೀಕ್ಷೆಯಲ್ಲಿ ಹಾಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಆಮೇಲೆ ಹೆದ್ದಾರಿ ಕೆಲಸ ನೋಡಿಕೊಳ್ಳುವ ಎಂಜಿನಿಯರರ ಹತ್ತಿರ ಹೋದೆವು. ಆ ತರುಣ ನಮ್ಮ ಕಡೆಯವನಲ್ಲ. ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿಕೊಂಡಿದ್ದ. "ಸ್ಮಶಾನ ರಾಜ್ಯ ಸರ್ಕಾರದ್ದು ಮೇಡಂ. ಊರಿನ ಕಡೆಗೇ ಜಾಗ ಕೊಡಿಸ್ಕೊಳ್ಳಿ. ರಸ್ತೆ ದಾಟೋ ಪ್ರಶ್ನೆನೇ ಬರಲ್ಲ" ಎಂದ. ಅಪ್ಪನನ್ನು ಆ ಕಡೆ ಇಟ್ಟಿದ್ದೇವೆ, ಅವ್ವನನ್ನು ಅವರ ಮಗ್ಗುಲಿಗೆ ಇಡಬೇಕು ಎಂದು ನಾನು ಹೇಳಿದೆ. ಅವನು ಪಾಪ, ನಿಜವಾಗಿಯೂ ಯೋಚಿಸಿದ. "ಕೆಳಗಡೆ ದಾರಿ ಕೊಟ್ಟಿದ್ದೀವಲ್ಲ?"

ಅಣ್ಣ ಹೇಳಿದ: "ನಮ್ಮ ಹೆಣ ಕುಂತಿರ್ತಾವ್ರಿ, ಸಾಹೇಬ್ರ."

ಅವನಿಗೆ ಅರ್ಥವಾಗಲಿಲ್ಲ. ಅಣ್ಣ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಕೈಗಳನ್ನು ತಲೆಯ ಮೇಲೆ ಕಮಾನು ಮಾಡಿ ಕುಳಿತು ತೋರಿಸಿದ. ಗುಮಾಸ್ತರೊಬ್ಬರು ನಕ್ಕರು. ನನಗೆ ಅಳು ಬಂತು. ಎಂಜಿನಿಯರು ನೋಡಿದ, ನಕ್ಷೆ ನೋಡಿದ, ಮತ್ತೆ ಅಣ್ಣನನ್ನು ನೋಡಿದ. "ಮಲಗಿಸಿಕೊಂಡು ಹೋದರೆ ಆಗಲ್ವಾ?" ಎಂದ.

ಊರಿನ ಕಡೆ ಜಾಗ ಕೇಳಲು ಕಂದಾಯದವರ ಬಳಿಗೆ ಹೋದೆವು. ಜಾಗವೇನೋ ಇತ್ತು. ಆದರೆ ಅದು ಹೆದ್ದಾರಿಯ ಅಂಚಿಗೆ ಹೊಂದಿಕೊಂಡದ್ದು, ಮುಂದೆ ಅಗಲ ಮಾಡಲು ಬೇಕಾಗಬಹುದು, ಕೇಂದ್ರದವರ ಒಪ್ಪಿಗೆಯಿಲ್ಲದೆ ಕೊಡಲಾಗದು ಎಂದರು. ಹೊರಗೆ ಬಂದು ಮೂವರೂ ಬೇವಿನ ಮರದ ಕೆಳಗೆ ನಿಂತೆವು. ಚಾಚಾ ನನ್ನ ಮುಖ ನೋಡಿದರು.

"ಬೇಟಿ, ಸಾಯೂದು ಯಾರ ಕೈಯಾಗೈತಿ? ದಿಲ್ಲಿಯವರದೊ, ಬೆಂಗಳೂರವರದೊ?"

ನಾನು ಮೇಷ್ಟರ ಗತ್ತಿನಲ್ಲಿ, ಸಾವಿನ ನೋಂದಣಿ ಸಮವರ್ತಿ ಪಟ್ಟಿಯಲ್ಲಿದೆ, ಇಬ್ಬರದೂ ಎಂದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬರಕೊಳ್ಳೂದು ಇಬ್ಬರದೂ. ದಾಟಸೂದು ಯಾರದೂ ಅಲ್ಲ" ಎಂದರು.

ಹಿರೇಕೆರೂರಿನ ಹತ್ತಿರದ ಹಳ್ಳಿಗೆ ಕೊಟ್ಟ ನನ್ನ ಅಕ್ಕ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಂಬಲೇ ಇಲ್ಲ. ಅವರ ಊರಿನಲ್ಲೂ ರಸ್ತೆ ದಾಟಿಯೇ ಸ್ಮಶಾನಕ್ಕೆ ಹೋಗಬೇಕು. ಜನ ಒಂದು ದಿನ ರಸ್ತೆಯಲ್ಲಿ ಕುಳಿತರು, ಕೆಲವೇ ದಿನಗಳಲ್ಲಿ ಅಧಿಕಾರಿಗಳು ಬಂದು ಉಬ್ಬು ಹಾಕಿಸಿ, ಫಲಕ ನೆಟ್ಟು ಹೋದರು. ಅದು ರಾಜ್ಯದ ರಸ್ತೆ, ಸ್ಮಶಾನವೂ ರಾಜ್ಯದ್ದು. "ನೀವು ಗಟ್ಟಿ ಕುಂತಿಲ್ಲ, ಅದಕ್ಕ" ಎಂದು ಅಕ್ಕ ನನಗೇ ಬೈದಳು. ನಮ್ಮದು ತಪ್ಪು ರಸ್ತೆಯ ಪಕ್ಕದ ಊರು ಎಂದು ಅವಳಿಗೆ ಹೇಗೆ ಹೇಳುವುದು?

ಆ ಮಳೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಎಲೆ ಅಗಿಯುವುದು ನಿಂತಾಗಲೇ ನಮಗೆ ಗೊತ್ತಾಯಿತು. ಚಾಚಾ ತಂದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ಮೂಸುತ್ತಿದ್ದಳು, ಅಷ್ಟೆ. ಒಂದು ದಿನ ನನ್ನನ್ನೂ ಅಣ್ಣನನ್ನೂ ಕರೆದಳು.

"ನನ್ನ ನಿಮ್ಮ ಅಪ್ಪನ ಮಗ್ಗಲಾಗ ಇಡ್ರಿ. ಆ ಮೋರ್ಯಾಗ ಬಗ್ಗಿಸಿ ಒಯ್ಯಬ್ಯಾಡ್ರಿ. ಜೀವ ಇರೂತನಕ ಯಾರ ಮುಂದೂ ಬಗ್ಗಿಲ್ಲ ನಾ."

ಅಣ್ಣ ಆಯಿತು ಎಂದ. ನಾನು ತಲೆಯಾಡಿಸಿದೆ.

ಅವಳು ಹೋದದ್ದು ಬೆಳಗಿನ ಹೊತ್ತು. ಅಣ್ಣ ಕಣ್ಣು ಒರೆಸಿಕೊಂಡು ಮೊದಲು ಓಡಿದ್ದು ಪೊಲೀಸರ ಬಳಿಗೆ. ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿಕೊಡಿ ಎಂದು ಕೇಳಿದ. "ಹೆದ್ದಾರಿ ಬಂದ್ ಮಾಡಾಕ ನಮ್ಮ ಕಡೆ ಪರವಾನಗಿ ಕೇಳಿದ್ರ ನಾವೆಲ್ಲಿಂದ ಕೊಡೂಣು? ಏನರ ಗದ್ದಲಾದ್ರ ಬರ್ತೇವಿ" ಎಂದರಂತೆ. ವಾಪಸು ಬರುವಷ್ಟರಲ್ಲಿ ಚಾಚಾ ತಮ್ಮ ಅಂಗಡಿಯ ಬಾಗಿಲು ಹಾಕಿ, ಕೆಂಪು ಟವೆಲ್ಲು ಒಗೆದು ಬಿಸಿಲಿಗೆ ಹಾಕಿದ್ದರು.

ಮಧ್ಯಾಹ್ನ ವಿಮಾನ ಎತ್ತಿದರು. ಅವ್ವನ ಮುಖಕ್ಕೆ ವಿಭೂತಿ ಚೆನ್ನಾಗಿ ಒಪ್ಪಿತ್ತು. ಅವಳ ಮಡಿಲಲ್ಲಿ ಸವಣೂರಿನ ಎಲೆ ಇಟ್ಟಿದ್ದೆ. ಅಣ್ಣ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ, ನಾನೂ ಅಕ್ಕನೂ ಹಿಂದೆ ನಡೆಯುತ್ತಿದ್ದೆವು. ಚಾಚಾ ಮತ್ತು ಅವರ ಓಣಿಯವರು ಈ ಕಡೆಯ ಮೂರು ಸಾಲುಗಳನ್ನು ಹಿಡಿದರು. ನಿಂತ ಗಾಡಿಗಳ ನಡುವೆ ಹಾನಗಲ್ಲಿನ ಬಸ್ಸೂ ಇತ್ತು. ಅದರಲ್ಲೇ ಬಂದಿದ್ದ ನಮ್ಮ ಬೀಗರು ಅಲ್ಲೇ ಇಳಿದು ಓಡಿಬಂದು ಹೆಗಲು ಕೊಟ್ಟರು. ನಡುವಿನ ಗೋಡೆಯ ಹತ್ತಿರ ಗಂಡಸರು ಅರ್ಧ ಜನ ಆಚೆಗೆ ಹಾರಿ ನಿಂತರು. ಈ ಕಡೆಯವರು ವಿಮಾನವನ್ನು ತಲೆಯ ಮೇಲೆತ್ತಿ ಆ ಕಡೆಯವರ ಕೈಗೆ ಜರುಗಿಸತೊಡಗಿದರು. ಬಾಳೆಕಂದು ಅಲ್ಲಾಡಿತು. ಅವ್ವ ಒಂದು ಕ್ಷಣ ಗೋಡೆಯ ಮೇಲೆ, ಎರಡೂ ಕಡೆಯ ಕೈಗಳಲ್ಲಿ, ಯಾರ ಹೆಗಲ ಮೇಲೂ ಇಲ್ಲದೆ ಕುಳಿತಿದ್ದಳು.

ಚಾಚಾ ಅಷ್ಟರಲ್ಲಿ ಗೋಡೆ ಹತ್ತಿಳಿದು ಆಚೆಯ ಸಾಲುಗಳಲ್ಲಿ ನಿಂತಿದ್ದರು. ಎರಡು ಲಾರಿಗಳು ನಿಂತವು. ಅವುಗಳ ಹಿಂದಿದ್ದ ಮೂರನೆಯದು ಯಾಕೆ ನಿಂತಿದ್ದಾರೆ ಎಂದು ನೋಡಲಿಲ್ಲ. ಬಲಕ್ಕೆ ಹೊರಳಿ ಗೋಡೆಯ ಪಕ್ಕ ಖಾಲಿಯಿದ್ದ ಸಾಲಿನಲ್ಲಿ ನುಗ್ಗಿತು. ಚಾಚಾ ಕೆಂಪು ಟವೆಲ್ಲು ಎತ್ತಿ ಅದಕ್ಕೆ ಎದುರಾಗಿ ಓಡಿದರು. ಪಕ್ಕಕ್ಕೆ ಸರಿಯಲು ಜಾಗವಿತ್ತು, ಸಮಯವೂ ಇತ್ತು. ಸರಿಯಲಿಲ್ಲ, ಯಾಕೆಂದರೆ ಅವರ ಹಿಂದೆ ಅವ್ವ ಇದ್ದಳು.

ಲಾರಿ ನಿಂತಿತು. ವಿಮಾನಕ್ಕೆ ಏನೂ ಆಗಲಿಲ್ಲ.

ಆಮೇಲಿನದನ್ನು ನಾನು ಎಷ್ಟು ಸಲ ನೆನಪಿಸಿಕೊಂಡರೂ ಅಷ್ಟೇ ಹಿಂಸೆ. ಹೊತ್ತವರೆಲ್ಲ ಚಾಚಾನ ಕಡೆ ಓಡಬೇಕೆಂದಿದ್ದರು, ಓಡುವಂತಿರಲಿಲ್ಲ. ವಿಮಾನ ಇಳಿಸುವಂತಿಲ್ಲ. ಅಣ್ಣ ಗೋಡೆಗೆ ಒತ್ತಿಕೊಂಡು, ಹೆಗಲ ಮೇಲೆ ಅವ್ವನನ್ನು ಹೊತ್ತು, "ಚಾಚಾ, ಚಾಚಾ" ಎಂದು ಕೂಗುತ್ತಿದ್ದ. ನಾನು ಗೋಡೆ ಹಾರಿದೆ. ಸೀರೆ ಹರಿಯಿತು. ಟವೆಲ್ಲು ಅವರ ಕೈಯಲ್ಲೇ ಇತ್ತು. ಕಣ್ಣು ತೆರೆದಿದ್ದವು. "ಅಕ್ಕಾ ದಾಟಿದ್ರೇನು?" ಎಂದು ಕೇಳಿದರು. ದಾಟಿದಳು ಎಂದೆ. ಆಗ ಅವಳಿನ್ನೂ ದಾಟಿರಲಿಲ್ಲ.

ಹುಬ್ಬಳ್ಳಿಗೆ ಒಯ್ಯುವಾಗ ತಡಸದ ಹತ್ತಿರ ಅವರ ಪ್ರಾಣ ಹೋಯಿತು. ನಾವು ಅವ್ವನನ್ನು ಅಪ್ಪನ ಮಗ್ಗುಲಿಗೆ ಕೂರಿಸಿ ಮಣ್ಣು ಕೊಟ್ಟು, ಕೈ ಕೂಡ ತೊಳೆಯದೆ ಚಾಚಾನ ಮನೆಗೆ ಹೋದೆವು. ಚಾಚಿ, ಅವರ ಹೆಂಡತಿ, ಬಾಗಿಲಲ್ಲಿ ಗೋಡೆಗೊರಗಿ ಕುಳಿತಿದ್ದರು. ಅವರು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

"ಅಕ್ಕಾರನ್ನ ಮುಟ್ಟಿಸಿ ಬಂದ್ರಿಲ್ಲೊ?" ಎಂದರು.

ಅಣ್ಣ ಅವರ ಕಾಲ ಬಳಿ ಕುಸಿದು ಕುಳಿತ. ನಾವಿಬ್ಬರೂ ಅವ್ವನಿಗಾಗಿ ಅತ್ತದ್ದು ಆಗಲೇ, ಆ ಬಾಗಿಲಲ್ಲೇ. ಯಾರಿಗಾಗಿ ಎಷ್ಟು ಅತ್ತೆವು ಎಂದು ಬೇರ್ಪಡಿಸಿ ಹೇಳಲಾರೆ.

ಲಾರಿಯವನ ಮೇಲೆ ಕೇಸಾಯಿತು. ಆದರೆ ವರದಿಯಲ್ಲಿ, ಮೃತರು ರಾಷ್ಟ್ರೀಯ ಹೆದ್ದಾರಿಯಲ್ಲಿ ಅನುಮತಿಯಿಲ್ಲದೆ ನಿಂತು ಸಂಚಾರಕ್ಕೆ ಅಡ್ಡಿಯಾಗಿದ್ದರು ಎಂದೂ ಬರೆದಿದ್ದರು. ಅನುಮತಿ ಕೇಳಿದ್ದೆವು, ಕೊಡುವವರೇ ಸಿಗಲಿಲ್ಲ ಎಂಬುದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಮುಖಂಡರು ಬಂದು ಚಾಚಿಗೆ ಸಮಾಧಾನ ಹೇಳಿದರು. ಕೇಂದ್ರಕ್ಕೆ ಬರೆಯುತ್ತೇನೆ ಎಂದರು. ಹೆದ್ದಾರಿಯವರು ಬಂದು ಗೋಡೆಯನ್ನು ಇನ್ನಷ್ಟು ಎತ್ತರಿಸಲು ಅಳತೆ ತೆಗೆದುಕೊಂಡು ಹೋದರು.

ಮರುದಿನ, ಮಧ್ಯಾಹ್ನದ ನಮಾಜಿನ ನಂತರ, ಚಾಚಾನ ಜನಾಜಾ ಹೊರಟಿತು. ಅವರಿಗೆ ರಸ್ತೆ ಬೇಕಾಗಿರಲಿಲ್ಲ. ಮಲಗಿದ್ದರು, ಮೋರಿಯಲ್ಲಿ ಹಾಯುತ್ತಿದ್ದರು. ಇದು ಅಣ್ಣನಿಗೂ ಗೊತ್ತಿತ್ತು. ಆದರೂ ಅವನು ಚಾಚಿಯ ಹತ್ತಿರ ಹೋಗಿ ಆ ಕೆಂಪು ಟವೆಲ್ಲು ಕೇಳಿದ. ಚಾಚಿ ಯಾಕೆಂದು ಕೇಳದೆ ಕೊಟ್ಟರು. ರಕ್ತ ಒಗೆದಿದ್ದರೂ ಪೂರ್ತಿ ಹೋಗಿರಲಿಲ್ಲ, ಕೆಂಪಿನಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ.

ನಮ್ಮವರು ಅಷ್ಟೂ ಗಂಡಸರು ಹೆದ್ದಾರಿಗೆ ಇಳಿದರು. ಈ ಕಡೆಯ ಸಾಲುಗಳನ್ನು ಹಿಡಿದರು, ಆ ಕಡೆಯ ಸಾಲುಗಳನ್ನು ಹಿಡಿದರು. ಹೆಂಗಸರು ರಸ್ತೆ ಹಿಡಿದದ್ದು ನಮ್ಮಲ್ಲಿಲ್ಲ. ಆ ದಿನ ನಾನೂ ನಿಂತೆ. ಅಷ್ಟು ದೊಡ್ಡ ಹೆದ್ದಾರಿ ಖಾಲಿಯಾಗಿ ಬಿಸಿಲಿನಲ್ಲಿ ಬಿದ್ದಿತ್ತು. ಅದನ್ನು ಯಾರೂ ದಾಟುತ್ತಿರಲಿಲ್ಲ. ಇದಕ್ಕಾಗಿ ಅಣ್ಣನ ಮೇಲೆ ಈಗ ಕೇಸು ನಡೆಯುತ್ತಿದೆ. ಹೆದ್ದಾರಿ ತಡೆದ ಆರೋಪ. ಕಾನೂನು ಕೇಂದ್ರದ್ದು, ಹಿಡಿದುಕೊಂಡು ಹೋದ ಪೊಲೀಸರು ರಾಜ್ಯದವರು. ಅಷ್ಟಕ್ಕಾದರೂ ಇಬ್ಬರೂ ಕೂಡಿ ಕೆಲಸ ಮಾಡಿದರಲ್ಲ ಎಂದು ನಾನು ಅಣ್ಣನಿಗೆ ಹೇಳಿದೆ. ಅವನು ನಗಲಿಲ್ಲ.

ಹಾರ್ನಿನ ಗದ್ದಲ ಹೆಚ್ಚಾಯಿತು. ಮುಂದಿನ ಲಾರಿಯ ಚಾಲಕ ಇಳಿದು ಬಂದು ಅಣ್ಣನನ್ನು ಕೇಳಿದ: "ಯಾರಿಗೆ ಬಂದ್ ಮಾಡೀರಿ? ರಸ್ತೆ ಮ್ಯಾಲ ಯಾರೂ ಇಲ್ಲಲ್ಲ?"

"ಕೆಳಗ ಹೊಂಟಾರ" ಎಂದ ಅಣ್ಣ. "ನಮ್ಮ ಚಾಚಾ."

ಚಾಲಕ ಬದಿಗೆ ಹೋಗಿ ಕೆಳಗೆ ಬಗ್ಗಿ ನೋಡಿದ. ನಾನೂ ನೋಡಿದೆ. ಮೋರಿಯ ಬಾಯಿಯಿಂದ ಜನಾಜಾ ಹೊರಗೆ ಬರುತ್ತಿತ್ತು. ಹೊತ್ತವರು ನಡು ಬಗ್ಗಿಸಿದ್ದರು, ಹಳ್ಳದ ನೀರು ಅವರ ಮೊಣಕಾಲಿಗೆ ಬರುತ್ತಿತ್ತು, ಮೇಲೆ ಹೊದಿಸಿದ ಚಾದರದ ಅಂಚು ಒದ್ದೆಯಾಗಿತ್ತು. ಚಾಲಕ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹೋಗಿ ಲಾರಿ ಹತ್ತಲಿಲ್ಲ.

ಕೊನೆಯವರು ಮೋರಿಯಿಂದ ಹೊರಬಿದ್ದು ಖಬರಸ್ತಾನದ ಏರು ಹತ್ತಿದರು. ಇನ್ನು ಸಾಕು, ಬಿಡು ಎಂದು ಯಾರೋ ಅಣ್ಣನಿಗೆ ಹೇಳಿದರು. ಅವನು ಟವೆಲ್ಲು ಇಳಿಸಲಿಲ್ಲ.

"ಮಣ್ಣು ಕೊಡೂತನಕ ಹಿಡೀತೇನಿ" ಎಂದ. "ಅವ್ವ ಮಾತು ಕೊಟ್ಟಾಳ."